ಅಗ್ಗದ ಮಾಲು ಮಳೆಗಾಲ ದಾಟೀತೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಖರ್ಚು ಇಳಿಸಬೇಕು, ಮನೆಗೆ ಬೇಕಾದ್ದನ್ನು ಬಿಡುವಂತೆಯೂ ಇಲ್ಲ ಎನ್ನುವವರ ಪತ್ರಗಳೇ ಈ ಸಲ ಹೆಚ್ಚು. ಎಲ್ಲರ ಕಣ್ಣೂ ಬಳಸಿದ ಸಾಮಾನಿನ ಮೇಲೆ. ಪಾತ್ರೆ, ಮರಗೆಲಸ, ಫ್ರಿಜ್ ರಿಪೇರಿ, ಬಟ್ಟೆ, ವಾಹನ ಹೀಗೆ ಆಯಾ ಕೆಲಸ ಬಲ್ಲವರಿಂದ ಉತ್ತರ ಬರೆಸಿದ್ದೇವೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಳೇ ಮಾಲಿನ ಬೆಲೆ ಕಟ್ಟುವಾಗ ಉಪ್ಪುಗಾಳಿಯನ್ನೂ ನಾಲ್ಕು ತಿಂಗಳ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಉತ್ತರ ಬರೆದವರೆಲ್ಲ ಅದನ್ನೇ ಮತ್ತೆ ಮತ್ತೆ ಹೇಳಿದ್ದಾರೆ.

ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿನ ಚಾರಿಟಿ ಶಾಪ್‌ಗಳಲ್ಲಿ ಒಳ್ಳೊಳ್ಳೆಯ ವಸ್ತು ಕಾಸಿಗೆ ಸಿಗುತ್ತವಂತೆ. ನಮ್ಮ ಕಡೆ ಅಂಥದ್ದಿದೆಯೇ? ಇಲ್ಲದಿದ್ದರೆ ಎಲ್ಲಿ ಹುಡುಕಬೇಕು?
– ನಿವೃತ್ತ ಶಿಕ್ಷಕಿ, ಕಾರವಾರ

ಜನ ಬಿಟ್ಟಿಯಾಗಿ ಕೊಟ್ಟ ಬಟ್ಟೆ, ಪುಸ್ತಕ, ಪಾತ್ರೆ ಮಾರಿ, ಬಂದ ಹಣವನ್ನು ಸೇವಾಕಾರ್ಯಕ್ಕೆ ಹಾಕುವ ಅಂಗಡಿಗಳು ಅವು. ಆಕ್ಸ್‌ಫ್ಯಾಮ್ ಸಂಸ್ಥೆ 1947ರಲ್ಲಿ ಆಕ್ಸ್‌ಫರ್ಡ್‌ನ ಬ್ರಾಡ್ ಸ್ಟ್ರೀಟ್‌ನಲ್ಲಿ ತೆರೆದ ಅಂಗಡಿ ಈ ಬಗೆಯಲ್ಲಿ ಹೆಸರಾದದ್ದು. ಅಲ್ಲಿ ಮಾಲು ಪುಕ್ಕಟೆ, ಗಲ್ಲಾದಲ್ಲಿ ಕೂರುವವರಲ್ಲಿ ಬಹುಪಾಲು ಸ್ವಯಂಸೇವಕರು. ಅದಕ್ಕೇ ದರ ಕಡಿಮೆ. ನಮ್ಮಲ್ಲಿ ಹಳೇ ಸಾಮಾನಿನ ವ್ಯಾಪಾರಿ ದುಡ್ಡು ಕೊಟ್ಟು ತಂದು, ಲಾಭ ಇಟ್ಟು ಮಾರುತ್ತಾನೆ. ಹಾಗಾಗಿ ನಮಗೆ ಲಾಭವಿರುವುದು ಅಂಗಡಿಗಿಂತ ನೇರವಾಗಿ ಮನೆಯವರಿಂದ ಕೊಳ್ಳುವುದರಲ್ಲಿ.

ಕಾರವಾರದವರಿಗೆ ಒಂದು ಅನುಕೂಲವಿದೆ. ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಮಲ್ಲಾಪುರದಲ್ಲಿ ಕೈಗಾ ಅಣುಸ್ಥಾವರದ ಟೌನ್‌ಶಿಪ್. ಎರಡರಲ್ಲೂ ವರ್ಗಾವಣೆ ಮಾಮೂಲು. ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನಿಂದ ಜೂನ್ ಮೊದಲ ವಾರದ ತನಕ, ಮನೆ ಖಾಲಿ ಮಾಡುವವರು ಮಂಚ, ವಾಷಿಂಗ್ ಮಷಿನ್, ಸೈಕಲ್, ಕುಂಡಗಳನ್ನೆಲ್ಲ ಬಂದ ಬೆಲೆಗೆ ಕೊಡುತ್ತಾರೆ. ಲಾರಿ ಬರುವ ಎರಡು ದಿನ ಮೊದಲು ಹೇಳುವ ದರಕ್ಕೂ ಹದಿನೈದು ದಿನ ಮೊದಲಿನ ದರಕ್ಕೂ ಅಜಗಜಾಂತರ. ಆದರೆ ಕಾಯುತ್ತ ಕೂತರೆ ಒಳ್ಳೆಯದು ಮೊದಲೇ ಹೋಗಿರುತ್ತದೆ. ಬೇಕೇಬೇಕಾದ್ದನ್ನು ಬೇಗ ಕೇಳಿ, ಇದ್ದರೂ ಆಯಿತು ಬಿಟ್ಟರೂ ಆಯಿತು ಎನ್ನುವಂಥದ್ದಕ್ಕೆ ಕಾಯಿರಿ. ಒಳಗೆ ಹೋಗಲು ಪರವಾನಗಿ ಬೇಕಾಗುವುದರಿಂದ ಅಲ್ಲಿ ಕೆಲಸ ಮಾಡುವ ಪರಿಚಯದವರ ಮೂಲಕ ವಿಚಾರಿಸುವುದೇ ದಾರಿ.

ಘಟ್ಟದ ಮೇಲೆ ದಾರಿ ಬೇರೆ. ಹಳೇ ಮನೆ ಕಳಚುವಾಗ ಬಾಗಿಲು, ದಾರಂದ, ಕಿಟಕಿ, ಹೆಂಚು, ಪಾತ್ರೆ ಹೊರಬೀಳುತ್ತವೆ. ಮರದ ಸಾಮಾನನ್ನು ವಾಹನಕ್ಕೆ ಏರಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ರಹದಾರಿ ಬೇಕೇ ಎಂದು ಕೇಳಿ. ದಾರಿಯಲ್ಲಿ ಹಿಡಿದು ನಿಲ್ಲಿಸಿದರೆ ಉಳಿಸಿದ ದುಡ್ಡು ಅಲ್ಲಿಗೇ ಹೋಯಿತು.

ಪುಕ್ಕಟೆ ಸಿಗುವ ಜಾಗವೂ ಇರಬಹುದು. 2023ರ ಮೇ ತಿಂಗಳಲ್ಲಿ 'ಮೇರಿ ಲೈಫ್, ಮೇರಾ ಸ್ವಚ್ಛ ಶಹರ್' ಅಭಿಯಾನದಡಿ ದೇಶದ ನಗರಸಭೆ, ಪುರಸಭೆಗಳು ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರ ತೆರೆದಿದ್ದವು. ಹಳೇ ಬಟ್ಟೆ, ಪುಸ್ತಕ, ಆಟಿಕೆ ತಂದು ಇಡುವುದು, ಬೇಕಾದವರು ಒಯ್ಯುವುದು ಅಲ್ಲಿನ ಏರ್ಪಾಡು. ನಿಮ್ಮ ಊರಿನದು ಈಗ ನಡೆಯುತ್ತಿದೆಯೇ ಎಂದು ನಗರಸಭೆಯ ಆರೋಗ್ಯ ಶಾಖೆಯಲ್ಲಿ ಕೇಳಿದರೆ ತಿಳಿಯುತ್ತದೆ.

ಹಳೇ ಮನೆಯವರು ತಾಮ್ರದ ಹಂಡೆ, ಹಿತ್ತಾಳೆ ತಪ್ಪಲೆ, ಕಬ್ಬಿಣದ ಕಾವಲಿಗಳನ್ನು ತೂಕಕ್ಕೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಅಡುಗೆಗೆ ಬಳಸಬಹುದಾ? ಏನು ನೋಡಿ ತೆಗೆದುಕೊಳ್ಳಲಿ?
– ಗೃಹಿಣಿ, ಸಿದ್ದಾಪುರ

ಬಳಸಬಹುದು. ಆದರೆ ಕಲಾಯಿಯ, ಅಂದರೆ ಒಳಮೈಗೆ ಹಾಕಿಸುವ ತವರದ ಲೇಪದ, ಖರ್ಚು ಸೇರಿಸಿಕೊಂಡೇ ದರ ಮಾತಾಡಿ.

ಕಿಸೆಯಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ತಾಮ್ರ, ಹಿತ್ತಾಳೆ, ಕಂಚು ಮೂರಕ್ಕೂ ಅದು ಅಂಟುವುದಿಲ್ಲ. ಅಂಟಿತೆಂದರೆ ಒಳಗೆ ಕಬ್ಬಿಣ, ಮೇಲೆ ಲೇಪ. ಬಳೆ, ಹಿಡಿಕೆಗಳು ಕಬ್ಬಿಣದ್ದಾಗಿದ್ದರೆ ಅವುಗಳ ತೂಕ ಕಳೆಯಿರಿ. ಬಚ್ಚಲ ಹಂಡೆಯ ಹೊರಗೆ ವರ್ಷಗಟ್ಟಲೆ ಕೂತ ಮಸಿ, ಒಳಗೆ ಕಟ್ಟಿದ ಸುಣ್ಣದ ಪದರ ಸೇರಿ ತಕ್ಕಡಿಯಲ್ಲಿ ಚೆನ್ನಾಗಿಯೇ ತೂಗುತ್ತವೆ. ಕೆರೆದು ತೆಗೆದ ಮೇಲೆ ತೂಗಲು ಹೇಳಿ.

ಹೊರಡುವ ಮುನ್ನ ಗುಜರಿ ಅಂಗಡಿಯಲ್ಲಿ ಅಂದಿನ ತಾಮ್ರ, ಹಿತ್ತಾಳೆ ದರ ಕೇಳಿಕೊಳ್ಳಿ. ಪಾತ್ರೆ ಅಂಗಡಿಯಲ್ಲಿ ಹೊಸದರ ಕಿಲೋ ದರವನ್ನೂ ಕೇಳಿ. ನೆಟ್ಟಗಿರುವ ಹಳೇ ಪಾತ್ರೆಯ ಬೆಲೆ ಈ ಎರಡರ ನಡುವೆ ಇರಬೇಕು. ಬೆಸುಗೆ ಹಾಕಿದ್ದು, ತೂತಾದದ್ದು ಗುಜರಿ ದರಕ್ಕಿಂತ ಒಂದು ರೂಪಾಯಿ ಮೇಲೆ ಬಾಳುವುದಿಲ್ಲ. ತೂತು ನೋಡಲು ಕತ್ತಲೆ ಕೋಣೆಯಲ್ಲಿ ಪಾತ್ರೆಯೊಳಗೆ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ಜೋಡಣೆ ಇರುವ ಕೊಡವಾದರೆ ಒಣ ಕಾಗದದ ಮೇಲೆ ಕಂಠದವರೆಗೆ ನೀರು ತುಂಬಿ ರಾತ್ರಿ ಇಡಿ. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ಬೇಡ.

ತೊಳೆಯಲು ಹುಣಸೆಹಣ್ಣು ಉಪ್ಪು ಸಾಕು, ಹಿತ್ತಲಲ್ಲಿ ಬಿಂಬುಳಿ ಇದ್ದರೆ ಅದೂ ಆಗುತ್ತದೆ. ಹುಳಿ ತಗುಲಿಸಿ ಹಾಗೇ ಬಿಡಬೇಡಿ, ಉಜ್ಜಿದ ಕೂಡಲೇ ತೊಳೆದು ಒರೆಸಿ. ಬಿಟ್ಟರೆ ಮತ್ತೆ ಕಿಲುಬು ಏರುತ್ತದೆ.

ಸ್ನಾನದ ಹಂಡೆಗೆ, ಬರೀ ನೀರು ತುಂಬಿಡುವ ತಾಮ್ರದ ಕೊಡಕ್ಕೆ ಕಲಾಯಿ ಬೇಡ. ಅಡುಗೆಯ ಪಾತ್ರೆಗೆ ಬೇಕೇ ಬೇಕು. ಹುಳಿ, ಮಜ್ಜಿಗೆ, ಕೋಕಂ ಬಿದ್ದರೆ ತಾಮ್ರ ಕರಗಿ ಅಡುಗೆಗೆ ಇಳಿಯುತ್ತದೆ. ವಾಕರಿಕೆ, ವಾಂತಿ ಬರುವುದು ಅದರಿಂದ. ಕಲಾಯಿಯವರು ಪಾತ್ರೆಯನ್ನು ಚೊಕ್ಕ ತಿಕ್ಕಿ, ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕೋಲು ತಾಗಿಸಿ ಹತ್ತಿಯಿಂದ ಒಳಗೆಲ್ಲ ಸವರುತ್ತಾರೆ. ಆ ಕೋಲನ್ನು ಮಾತ್ರ ಕೇಳಿ ನೋಡಿ. ರೇಡಿಯೋ ರಿಪೇರಿಗೆ ಬಳಸುವ ಬೆಸುಗೆ ತಂತಿಯಲ್ಲಿ ಸೀಸ ಇರುತ್ತದೆ, ಅದರಿಂದ ಹಾಕಿದ ಕಲಾಯಿ ವಿಷ. ಅಚ್ಚ ತವರವೇ ಆಗಬೇಕು.

ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಖಾಲಿ ತಪ್ಪಲೆಯನ್ನು ಗ್ಯಾಸಿನ ದೊಡ್ಡ ಉರಿಯ ಮೇಲಿಟ್ಟು ಮರೆತರೆ ಅದಕ್ಕಿಂತ ಹೆಚ್ಚು ಕಾಯುತ್ತದೆ, ಕಲಾಯಿ ಹರಿದು ತಳದಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ನೀರೋ ಎಣ್ಣೆಯೋ ಹಾಕಿಯೇ ಒಲೆ ಹಚ್ಚಿ. ಸ್ಟೀಲ್ ನಾರು ತಾಗಿಸಬೇಡಿ. ತಳದಲ್ಲಿ ಕೆಂಪೋ ಹಳದಿಯೋ ಇಣುಕಿದ ದಿನ ಮತ್ತೆ ಕಲಾಯಿ.

ಎರಕದ ಕಾವಲಿಯನ್ನು ಒಂದು ಬೆರಳಲ್ಲಿ ಎತ್ತಿ ಹಿಡಿದು ಚಮಚದಿಂದ ತಟ್ಟಿ. ಗಣ್ ಎಂದು ನಾದ ಬಂದರೆ ಸರಿ, ಡಬ್ ಎಂದು ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ. ಬಿರುಕನ್ನು ಸರಿಮಾಡಲಾಗದು. ತುಕ್ಕು ಎಷ್ಟಿದ್ದರೂ ಹೆದರಬೇಡಿ. ಕಲ್ಲುಪ್ಪು ಮತ್ತು ಕಬ್ಬಿಣದ ನಾರಿನಿಂದ ಬೂದು ಬಣ್ಣ ಬರುವ ತನಕ ಉಜ್ಜಿ, ತೊಳೆದು, ಒಲೆಯ ಮೇಲಿಟ್ಟು ಪೂರಾ ಒಣಗಿಸಿ. ಅರ್ಧ ಚಮಚ ಎಣ್ಣೆ ಸವರಿ, ಇನ್ನೊಂದು ಒಣ ಬಟ್ಟೆಯಿಂದ ಎಣ್ಣೆ ಇಲ್ಲವೇನೋ ಅನ್ನಿಸುವಷ್ಟು ಒರೆಸಿ ತೆಗೆಯಿರಿ. ಆಮೇಲೆ ಹೊಗೆ ನಿಲ್ಲುವ ತನಕ ಕಾಯಿಸಿ. ಹೀಗೆ ನಾಲ್ಕು ಸಲ. ಹೆಚ್ಚಿನವರು ಕೆಡಿಸುವುದು ಎಣ್ಣೆ ಸುರಿದು. ದಪ್ಪ ಎಣ್ಣೆ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ, ದೋಸೆ ಏಳುವುದಿಲ್ಲ. ಮಳೆಗಾಲದಲ್ಲಿ ಬಳಸದೆ ಇಡುವುದಾದರೆ ಎಣ್ಣೆ ಸವರಿ ಕಾಗದ ಸುತ್ತಿ ಒಲೆಯ ಹತ್ತಿರವೇ ಇಡಿ, ನೆಲದ ಮೇಲೆ ಬೇಡ.

ಬಾಡಿಗೆ ಮನೆಗೆ ಹಳೇ ಫ್ರಿಜ್ 4 ಸಾವಿರಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಬಹುದೇ?
– ಬ್ಯಾಂಕ್ ನೌಕರ, ಅಂಕೋಲಾ

4 ಸಾವಿರವಷ್ಟೇ ಅದರ ಬೆಲೆಯಲ್ಲ. ಸಾಗಣೆ, ಸ್ಟೆಬಿಲೈಜರ್, ಪ್ರತಿ ತಿಂಗಳ ಕರೆಂಟು ಸೇರಬೇಕು. ಮಾರುವವರ ಮನೆಯಲ್ಲೇ ನೋಡಬೇಕಾದ್ದು ಇಷ್ಟು:

ಫ್ರಿಜ್ ಬಾಗಿಲಿನ ಸ್ಟಾರ್ ಚೀಟಿಯಲ್ಲಿ ವರ್ಷ ಅಚ್ಚಾಗಿರುತ್ತದೆ, ವರ್ಷಕ್ಕೆ ಎಷ್ಟು ಯೂನಿಟ್ ಎಂದೂ ಇರುತ್ತದೆ. ನಕ್ಷತ್ರದ ಅಳತೆಗೋಲು ಆಗಾಗ ಬಿಗಿಯಾಗುತ್ತ ಬಂದಿದೆ. ಹಾಗಾಗಿ ಹತ್ತು ವರ್ಷ ಹಿಂದಿನ 5 ಸ್ಟಾರ್ ಇವತ್ತಿನ 5 ಸ್ಟಾರ್‌ಗೆ ಸಮವಲ್ಲ. ಯೂನಿಟ್ ಅಂಕಿಯನ್ನೇ ಹೋಲಿಸಿ.

ಫ್ರೀಜರ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಐಸ್ ಕೀಳಲು ಚಾಕು ಹಾಕಿ ತೂತು ಮಾಡಿ, ಅದಕ್ಕೆ ಎಂ-ಸೀಲ್ ಮೆತ್ತಿದ ಫ್ರಿಜ್‌ಗಳು ಬಹಳ. ಮೆತ್ತಿದ ಗುರುತು ಕಂಡರೆ ಅಲ್ಲಿಂದಲೇ ಬನ್ನಿ, ಗ್ಯಾಸ್ ಇಂದಲ್ಲ ನಾಳೆ ಸೋರುತ್ತದೆ. ಐಸ್ ಕರಗಿಸಿ, ಮತ್ತೆ ಹಚ್ಚಿ, ಎರಡು ತಾಸು ಬಿಡಲು ಹೇಳಿ. ಒಂದೇ ಬಾಗಿಲಿನ ಫ್ರಿಜ್ ಆದರೆ ಫ್ರೀಜರ್ ಗೋಡೆಗೆಲ್ಲ ಸಮನಾಗಿ ಬಿಳಿ ಕೂರಬೇಕು. ಒಂದು ಮೂಲೆಗೆ ಮಾತ್ರ ಕೂತರೆ ಗ್ಯಾಸ್ ಕಡಿಮೆ ಇದೆ ಎಂದೇ ಅನುಮಾನಿಸಿ. ಬಾಗಿಲ ರಬ್ಬರಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ, ನಾಲ್ಕೂ ಬದಿಯಲ್ಲಿ ಬಿಗಿ ಹಿಡಿಯಬೇಕು. ಹಿಂಬದಿಯ ಕೊಳವೆ ಜಾಲ, ಕಂಪ್ರೆಸರ್ ಕೂತ ತಟ್ಟೆ, ನಾಲ್ಕು ಕಾಲು: ಕಡಲಂಚಿನ ಮನೆಯ ಫ್ರಿಜ್ ಮೊದಲು ಸಾಯುವುದು ಈ ಜಾಗದಲ್ಲಿ. ಬಣ್ಣ ಉಬ್ಬಿದಲ್ಲಿ ಉಗುರಿನಿಂದ ಒತ್ತಿ, ಪದರ ಪದರವಾಗಿ ಉದುರಿದರೆ ಬೇಡ. ಹೊರಮೈಗೆ ಟೆಸ್ಟರ್ ಹಿಡಿದಾಗ ದೀಪ ಹತ್ತಿದರೂ ಬೇಡ, ಕನಿಷ್ಠ ಅರ್ಥಿಂಗ್ ನೋಡದೆ ಬೇಡ.

ಎಷ್ಟು ಕರೆಂಟು ತಿನ್ನುತ್ತದೆಂದು ಮೀಟರಿನಲ್ಲೇ ಲೆಕ್ಕ ಹಾಕಬಹುದು. ಹೆಸ್ಕಾಂ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ ಕೆಂಪು ದೀಪ ಎಷ್ಟು ಸಲ ಮಿನುಗುತ್ತದೆಂದು ಬರೆದಿರುತ್ತದೆ, 3200 ಎಂದುಕೊಳ್ಳಿ. ಮನೆಯ ಉಳಿದದ್ದನ್ನೆಲ್ಲ ಆರಿಸಿ, ಕಂಪ್ರೆಸರ್ ಓಡುತ್ತಿರುವಾಗ 10 ನಿಮಿಷ ಎಣಿಸಿ. 53 ಸಲ ಮಿನುಗಿದರೆ ಫ್ರಿಜ್ 100 ವಾಟ್ ಎಳೆಯುತ್ತಿದೆ. ದಿನದ ಅರ್ಧ ಹೊತ್ತು ಓಡಿದರೂ 1.2 ಯೂನಿಟ್, ತಿಂಗಳಿಗೆ 36. ಬೇಸಿಗೆಯಲ್ಲಿ, ಹಳೇ ರಬ್ಬರಿದ್ದರೆ, ಅರ್ಧ ಹೊತ್ತಿಗೆ ನಿಲ್ಲುವುದಿಲ್ಲ.

ಇದು ಗೃಹಜ್ಯೋತಿಯವರಿಗೆ ಮುಖ್ಯ. ಆ ಯೋಜನೆಯಲ್ಲಿ ನಿಮ್ಮ ಮನೆಗೆ ಸಿಗುವುದು 200 ಯೂನಿಟ್ ಅಲ್ಲ; ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಕಟ್ಟಿದ ಮಿತಿ. ಅದು ಬಿಲ್ಲಿನಲ್ಲೇ ಇರುತ್ತದೆ. ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಅಂಚಿನಲ್ಲಿರುವ ಮನೆಗೆ ಹಳೇ ಫ್ರಿಜ್ ತಂದರೆ ಉಳಿಸಿದ್ದು ಎರಡು ವರ್ಷದಲ್ಲಿ ಬಿಲ್ಲಿಗೆ ಹೋಗಬಹುದು. ಐದಾರು ವರ್ಷದೊಳಗಿನದು, ಬಿಲ್ಲು ಇರುವಂಥದ್ದು ಸಿಕ್ಕರೆ ಮಾತ್ರ ನಮ್ಮ ಒಪ್ಪಿಗೆ.

ಸಾಗಿಸುವಾಗ ನಿಲ್ಲಿಸಿಯೇ ತನ್ನಿ. ಮಲಗಿಸಿ ತಂದಿದ್ದರೆ ನಿಲ್ಲಿಸಿ ಕನಿಷ್ಠ ಆರು ತಾಸು ಬಿಟ್ಟು ಹಚ್ಚಿ, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಬೇಕು.

ಕೈತೋಟಕ್ಕೆ ಮಂಗ, ನವಿಲು, ಊರ ಕೋಳಿ ಎಲ್ಲದರ ಕಾಟ. ಹೊಸ ಜಾಲರಿ ದುಬಾರಿ. ಹಳೇ ಮೀನುಬಲೆ ಕಟ್ಟಬಹುದೇ?
– ಕೃಷಿಕರು, ಯಲ್ಲಾಪುರ

ಕಟ್ಟಬಹುದು. ಹುಡುಕಲು ಒಳ್ಳೆಯ ಕಾಲ ಜೂನ್, ಜುಲೈ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ದಡದಲ್ಲಿ ಬಲೆ ಬಿಚ್ಚಿ ಹೆಣೆಯುವ ಕೆಲಸ ನಡೆಯುತ್ತದೆ, ಕೆಟ್ಟ ಭಾಗ ಕತ್ತರಿಸಿ ಬಿಸಾಡುತ್ತಾರೆ. ಕಾರವಾರದ ಬೈತಖೋಲ, ಕುಮಟಾ ತಾಲೂಕಿನ ತದಡಿ, ಹೊನ್ನಾವರದ ಬಂದರುಗಳಲ್ಲಿ ವಿಚಾರಿಸಿ.

ಬೇಕಾದ್ದು ಟ್ರಾಲ್ ದೋಣಿಯ ದಪ್ಪ ಹುರಿಯ ಬಲೆ. ತೆಳ್ಳಗೆ ಗಾಜಿನಂತೆ ಹೊಳೆಯುವ ನೈಲಾನ್ ಎಳೆಯ ಬಲೆ ಪುಕ್ಕಟೆ ಕೊಟ್ಟರೂ ಬೇಡ. ಅದು ಕಣ್ಣಿಗೆ ಕಾಣುವುದಿಲ್ಲ. ಕೇರೆ ಹಾವು, ಹಕ್ಕಿ ಸಿಕ್ಕಿ ಸಾಯುತ್ತವೆ. ಗೊತ್ತಾಗದಿದ್ದರೆ ಒಂದು ತುಂಡು ಕತ್ತರಿಸಿ, ಗಂಟು ಬಿಚ್ಚಿ, ಸಿಹಿನೀರಲ್ಲಿ ಮುಳುಗಿಸಿ ಗಾಳಿಗುಳ್ಳೆ ಹೋಗುವಂತೆ ಹಿಂಡಿ. ದಪ್ಪ ಪ್ಲಾಸ್ಟಿಕ್ ಹುರಿ ತೇಲುತ್ತದೆ, ನೈಲಾನ್ ಮುಳುಗುತ್ತದೆ. ಇನ್ನೊಂದು ತುಂಡನ್ನು ಬೆರಳಲ್ಲಿ ತಿರುಚಿ. ಪುಡಿ ಉದುರಿದರೆ ಬಿಸಿಲಿಗೆ ಸತ್ತ ಬಲೆ, ಒಂದು ಬೇಸಿಗೆಯೂ ಬಾರದು.

ಲೆಕ್ಕದಲ್ಲಿ ಹೆಚ್ಚಿನವರು ಎಡವುತ್ತಾರೆ. ಬಲೆಯನ್ನು ಎಳೆದು ಅಳೆದರೆ ಬರುವ ಉದ್ದವೇ ಬೇರೆ, ಕಣ್ಣು ಬಿಡಿಸಿ ಕಟ್ಟಿದಾಗ ಸಿಗುವ ಉದ್ದವೇ ಬೇರೆ. ಕಣ್ಣು ಚೌಕವಾಗಿ ತೆರೆದಾಗ ಎರಡೂ ಕಡೆ ಎಳೆದ ಅಳತೆಯ ನೂರಕ್ಕೆ 70ರಷ್ಟು ಮಾತ್ರ. 10 ಮೀಟರ್ ಉದ್ದ, 6 ಮೀಟರ್ ಅಗಲದ ತೋಟದ ಸುತ್ತಳತೆ 32 ಮೀಟರ್. ಅದಕ್ಕೆ ಎಳೆದ ಅಳತೆಯಲ್ಲಿ 46 ಮೀಟರ್ ಬೇಕು. 2 ಮೀಟರ್ ಎತ್ತರಕ್ಕೆ ಸುಮಾರು 2.9 ಮೀಟರ್.

ತಂದ ಬಲೆಯನ್ನು ಸಿಹಿನೀರಲ್ಲಿ ಎರಡು ದಿನ ನೆನೆಸಿ, ನೀರು ಎರಡು ಮೂರು ಸಲ ಬದಲಿಸಿ. ಮೀನಿನ ವಾಸನೆ ಉಳಿದರೆ ನಾಯಿ, ಇಲಿ ಕಡಿಯುತ್ತವೆ. ಗೂಟಗಳು ಎಂಟು ಹತ್ತು ಅಡಿಗೊಂದು. ತೆಂಗಿನ ಹಗ್ಗ ಮಳೆಗೆ ಕೊಳೆಯುತ್ತದೆ, ಬಲೆಯ ಹುರಿಯಿಂದಲೇ ಕಟ್ಟಿ. ನೆಲದಿಂದ ಒಂದೂವರೆ ಅಡಿ ಬಿದಿರು ದಬ್ಬೆಯ ಬೇಲಿ ಮಾಡಿ ಅದರ ಮೇಲಿಂದ ಬಲೆ ಶುರು ಮಾಡಿದರೆ ಹಾವು ಸಿಕ್ಕುವುದಿಲ್ಲ. ಮಂಗಕ್ಕೆ ಒಂದು ಉಪಾಯ: ಮೇಲಿನ ಒಂದೂವರೆ ಅಡಿ ಬಲೆಯನ್ನು ಗೂಟಕ್ಕೆ ಬಿಗಿಯದೆ ಹೊರಕ್ಕೆ ಜೋಲುಬಿಡಿ. ಹಿಡಿದಲ್ಲಿ ಬಾಗುವುದರ ಮೇಲೆ ಅವು ಹತ್ತಲು ಹಿಂಜರಿಯುತ್ತವೆ. ಪಕ್ಕದಲ್ಲಿ ಮರದ ಕೊಂಬೆ ಇದ್ದರೆ ಮಾತ್ರ ಯಾವ ಉಪಾಯವೂ ನಡೆಯದು.

ಹಳೇ ಕಪಾಟು ನೋಡಿದ್ದೇವೆ, ಒಂದು ಮರದ್ದು, ಒಂದು ಕಬ್ಬಿಣದ್ದು. ಯಾವುದು ಒಳ್ಳೆಯದು?
– ದಂಪತಿ, ಹೊನ್ನಾವರ

ಸಾಗವಾನಿ, ಹಲಸಿನ ಗಟ್ಟಿ ಮರದ್ದಾದರೆ ಮರದ್ದೇ. ಮರದ ಹೊಟ್ಟು ಒತ್ತಿ ಮಾಡಿದ ಹಲಗೆಯದ್ದಾದರೆ ಕಬ್ಬಿಣವೇ ವಾಸಿ. ಒತ್ತಿದ ಹಲಗೆ ಒಂದು ಸಲ ನೀರು ಕುಡಿದು ಉಬ್ಬಿತೆಂದರೆ ಒಣಗಿದರೂ ಕುಗ್ಗುವುದಿಲ್ಲ, ತಿರುಪು ಹಿಡಿಯುವುದಿಲ್ಲ. ಬಾಗಿಲಿನ ಕೆಳ ಅಂಚು, ಕಾಲಿನ ಬುಡ ಸವರಿದರೆ ಗೊತ್ತಾಗುತ್ತದೆ.

ಗಟ್ಟಿ ಮರದ ಕಪಾಟನ್ನು ಗೋಡೆಯಿಂದ ಎಳೆಸಿ ಹಿಂಬದಿ ನೋಡಿ. ಮಣ್ಣಿನ ಗೆರೆ ಇದ್ದರೆ ಗೆದ್ದಲು. ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದರೆ ಕುಟ್ಟೆ ಹುಳ. ತೂತು ಹಳೆಯದೋ ಹುಳ ಇನ್ನೂ ಇದೆಯೋ ಎಂದು ತಿಳಿಯಲು ಹಳೇ ಪುಡಿ ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ ಎರಡು ರಾತ್ರಿ ಬಿಡಿ. ಹೊಸ ಹಿಟ್ಟು ಬಿದ್ದಿದ್ದರೆ ಹುಳ ಒಳಗೇ ಇದೆ. ಅದನ್ನು ಮನೆಗೆ ತಂದರೆ ತೊಲೆ, ಬಾಗಿಲಿಗೂ ಹಬ್ಬಬಹುದು. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ನಮ್ಮ ಕರಾವಳಿಯ ಹಳೇ ಪದ್ಧತಿ. ಆದರೆ ಅದು ಚರ್ಮ ಸುಡುತ್ತದೆ, ಬಟ್ಟೆಗೆ ಕಲೆ ಹಿಡಿಯುತ್ತದೆ. ಪಕಾಸಿ, ರೀಪಿಗೆ ಸರಿ, ಬಟ್ಟೆ ಇಡುವ ಕಪಾಟಿಗೆ ಬೇಡ.

ಕಬ್ಬಿಣದ್ದಾದರೆ ಕೆಳಗಿನ ತಟ್ಟೆಯ ಕಾಗದ ಎತ್ತಿ ನೋಡಿ. ಹೊಸ ಬಣ್ಣ ಹೊಡೆದಿದ್ದರೆ ಇನ್ನಷ್ಟು ಗಮನವಿಟ್ಟು ನೋಡಿ. ಬೀಗದ ಕೈ ಎರಡೂ ಇವೆಯೇ? ಮನೆಯ ಬಾಗಿಲ ಅಗಲ, ಮೆಟ್ಟಿಲ ತಿರುವು ಅಳೆದುಕೊಂಡೇ ಹೋಗಿ.

ಸಂತೆಯ ರಾಶಿಯಲ್ಲಿ, ಗೆಳತಿಯರಿಂದ ಬಳಸಿದ ಬಟ್ಟೆ ಕೊಳ್ಳುತ್ತೇನೆ. ಬೂಷ್ಟಿನ ವಾಸನೆ, ತಗಣೆಯ ಭಯ. ಏನು ಮಾಡಲಿ?
– ವಿದ್ಯಾರ್ಥಿನಿ, ಕಾರವಾರ

ಕೊಳ್ಳುವಾಗ ಬಟ್ಟೆಯನ್ನು ಬಿಸಿಲಿಗೆ ಎತ್ತಿ ಹಿಡಿಯಿರಿ. ಕಂಕುಳು, ಕುಂಡೆ, ಮೊಣಕಾಲಿನ ಜಾಗ ಜಾಳಾಗಿದ್ದರೆ ಕಾಣುತ್ತದೆ. ಜಿಪ್ ನಾಲ್ಕೈದು ಸಲ ಎಳೆಯಿರಿ. ಎಲಾಸ್ಟಿಕ್ ಎಳೆದಾಗ ಚರಚರ ಸದ್ದು ಬಂದರೆ ಸತ್ತಿದೆ. ಚೀಟಿಯ ಸೈಜ್ ನಂಬದೆ ಟೇಪಿನಿಂದ ಸೊಂಟ ಅಳೆಯಿರಿ. ದರ್ಜಿಗೆ ಕೊಡುವ ಕೂಲಿ ಬಟ್ಟೆಯ ಬೆಲೆಗಿಂತ ಹೆಚ್ಚಾದರೆ ಅದು ಅಗ್ಗವಲ್ಲ. ರೆಕ್ಸಿನ್ ಚೀಲ, ಸ್ಪಂಜಿನಂಥ ಅಡಿಯ ಬೂಟುಗಳನ್ನು ಮುಟ್ಟಬೇಡಿ. ಅದರ ಪ್ಲಾಸ್ಟಿಕ್ಕನ್ನು ಗಾಳಿಯ ತೇವವೇ ಒಡೆಯುತ್ತದೆ. ಬಳಸದೆ ಕಪಾಟಿನಲ್ಲಿಟ್ಟ ಬೂಟಿನ ಅಡಿಯೂ ಒಂದು ದಿನ ಇದ್ದಕ್ಕಿದ್ದಂತೆ ಪುಡಿಯಾಗುವುದು ಇದರಿಂದಲೇ.

ಮನೆಗೆ ತಂದದ್ದನ್ನು ಹಾಸಿಗೆಯ ಮೇಲೆ ಸುರಿಯಬೇಡಿ. ಚೀಲ ಕಟ್ಟಿಯೇ ಬಚ್ಚಲಿಗೆ ಒಯ್ಯಿರಿ. ಹತ್ತಿ ಬಟ್ಟೆಗೆ 60 ಡಿಗ್ರಿ ನೀರು ಬೇಕು. ಕುದಿಯುವ ನೀರು ಒಂದು ಪಾಲು, ನಲ್ಲಿ ನೀರು ಒಂದು ಪಾಲು ಬೆರೆಸಿದರೆ ನಮ್ಮ ಹವೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅರ್ಧ ತಾಸು ಮುಚ್ಚಿಡಿ, ನೀರು ಆರಿದರೆ ಬಿಸಿ ಸೇರಿಸಿ. ತಗಣೆಯೂ ಮೊಟ್ಟೆಯೂ ಸಾಯುತ್ತವೆ. ರೇಷ್ಮೆ, ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಫ್ರೀಜರಿನಲ್ಲಿ ಒಂದು ವಾರ ಇಡಿ.

ಬೂಷ್ಟಿನ ವಾಸನೆ ಬಿಸಿನೀರು, ಸೋಪು, ಬಿಸಿಲಿಗೆ ಹೋಗುತ್ತದೆ. ಕಪ್ಪು ಚುಕ್ಕೆ ಹೋಗುವುದು ಕಷ್ಟ. ಬಿಳಿ ಹತ್ತಿಗೆ ಬ್ಲೀಚಿಂಗ್ ನೀರು ಹಾಕಬಹುದು. ಅದಕ್ಕೆ ವಿನಿಗರ್, ನಿಂಬೆ ಹುಳಿ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಬಣ್ಣದ ಬಟ್ಟೆಯಲ್ಲಿ ಚುಕ್ಕೆ ಕಂಡರೆ ಕೊಳ್ಳುವಾಗಲೇ ಬಿಟ್ಟುಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಪ್ಪ ಜೀನ್ಸ್, ಜಾಕೆಟ್ ಕೊಳ್ಳಲೇಬೇಡಿ, ಒಗೆದರೆ ಒಣಗದೆ ಇನ್ನೊಮ್ಮೆ ಬೂಷ್ಟು.

ಗೋವಾದಲ್ಲಿ ಹಳೇ ಸ್ಕೂಟರ್ ನಮ್ಮಲ್ಲಿಗಿಂತ ಅಗ್ಗ. ತಂದು ಓಡಿಸಬಹುದಾ?
– ಗುತ್ತಿಗೆ ಕೆಲಸಗಾರ, ಸದಾಶಿವಗಡ

ತರಬಹುದು, ಆದರೆ ಆ ಅಗ್ಗ ಮಾಜಾಳಿ ಗಡಿ ದಾಟುವಾಗ ಕರಗುತ್ತದೆ. ಅಲ್ಲಿನ ಸಾರಿಗೆ ಕಚೇರಿಯಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ, ಮಾಲೀಕತ್ವ ಬದಲಿಗೆ ಫಾರಂ 29 ಮತ್ತು 30, ಕೆಎ–30 ಸಂಖ್ಯೆ ಪಡೆಯಲು ಫಾರಂ 27, ಸಾಲದ ನಮೂದು ಇದ್ದರೆ ಬ್ಯಾಂಕಿನ ಸಹಿಯ ಫಾರಂ 35 ಬೇಕು. ಅದರ ಮೇಲೆ ಗಾಡಿಯ ವಯಸ್ಸಿಗೆ ತಕ್ಕ ಕರ್ನಾಟಕದ ಜೀವಿತಾವಧಿ ತೆರಿಗೆ. ಕಾರವಾರ ಆರ್‌ಟಿಒದಲ್ಲಿ ಆ ಮೊತ್ತ ಕೇಳಿಕೊಂಡ ಮೇಲೆಯೇ ಮುಂಗಡ ಕೊಡಿ. ವಿಮೆ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಾಗಲಿ. ಹಳೇ ದಂಡ ಬಾಕಿ ಇದೆಯೇ ಎಂದು ಪರಿವಾಹನ್ ಜಾಲತಾಣದಲ್ಲಿ ನೋಡಿ. ಚಾಸಿಸ್ ಸಂಖ್ಯೆಯನ್ನು ತುಕ್ಕು ತಿಂದಿದ್ದರೆ ತಪಾಸಣೆಯಲ್ಲೇ ನಿಲ್ಲುತ್ತದೆ, ಅಂಥದ್ದು ಬೇಡ. ಕಾಲಿಡುವ ಹಲಗೆಯ ರಬ್ಬರ್ ಎತ್ತಿ ಕೆಳಗಿನ ತಗಡು ನೋಡಲು ಮರೆಯಬೇಡಿ.

ಎಷ್ಟೇ ಅಗ್ಗವಾದರೂ ಬಳಸಿದ್ದು ಕೊಳ್ಳಬಾರದಂಥ ವಸ್ತು ಯಾವುವು?
– ಓದುಗ, ಭಟ್ಕಳ

ಹೆಲ್ಮೆಟ್, ಒಮ್ಮೆ ಬಿದ್ದದ್ದು ಹೊರಗೆ ಕಾಣುವುದಿಲ್ಲ, ಒಳಗಿನ ಥರ್ಮೋಕೋಲು ಅದುಮಿ ಹೋಗಿರುತ್ತದೆ. ಗ್ಯಾಸ್ ಪೈಪು, ಹೊಸದಕ್ಕೇ ಐದು ವರ್ಷದ ಆಯುಷ್ಯ. ಸಿಲಿಂಡರ್, ರೆಗ್ಯುಲೇಟರ್ ಠೇವಣಿ ಮೇಲೆ ಕೊಟ್ಟ ಕಂಪನಿಯ ಸ್ವತ್ತು, ಮಾರುವ ಹಕ್ಕು ಯಾರಿಗೂ ಇಲ್ಲ. ಹಾಸಿಗೆ, ದಿಂಬು. ಗೀರು ಬಿದ್ದ ನಾನ್‌ಸ್ಟಿಕ್. ತಳ ಉಬ್ಬಿದ ಕುಕ್ಕರ್. ತಳ ಸಮವಿದ್ದರೆ ಕೊಂಡು ಗ್ಯಾಸ್ಕೆಟ್, ಸೇಫ್ಟಿ ವಾಲ್ವ್ ಎರಡನ್ನೂ ಅದೇ ಕಂಪನಿಯ ಹೊಸದು ಹಾಕಿಸಿ. ಮೊಬೈಲ್ ಕೊಳ್ಳುವಾಗ *#06# ಒತ್ತಿ ಬಂದ ಸಂಖ್ಯೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಹಾಕಿ ನೋಡಿ, ಕದ್ದದ್ದೆಂದು ದೂರಿರುವ ಫೋನಾದರೆ ಅಲ್ಲಿ ಗೊತ್ತಾಗುತ್ತದೆ.

ಯಜಮಾನರು ಅಗ್ಗ ಸಿಕ್ಕಿತೆಂದು ತಂದದ್ದೆಲ್ಲ ಅಟ್ಟ ಸೇರಿದೆ. ಉಳಿತಾಯ ಎಲ್ಲಿ?
– ಹೆಸರು ಬೇಡ, ಕುಮಟಾ

ಬೇಕಾದ ವಸ್ತುವಿನ ಹೆಸರು, ಅಳತೆ, ಕೊಡಬಹುದಾದ ಗರಿಷ್ಠ ಬೆಲೆ ಬರೆದು ಒಂದು ಚೀಟಿ ಅವರ ಕಿಸೆಗೆ ಹಾಕಿ. ಚೀಟಿಯಲ್ಲಿ ಇಲ್ಲದ್ದು ಕಂಡರೆ ಆ ದಿನ ಬರಿಗೈ. ಮುಂದಿನ ಸಂತೆಗೂ ಬೇಕೆನಿಸಿದರೆ ಚೀಟಿಗೆ ಸೇರಲಿ. ಅಟ್ಟದಲ್ಲಿರುವುದನ್ನು ಮೇ ಮುಗಿಯುವ ಮೊದಲು ಇಳಿಸಿ ಮಾರಿ. ಜೂನ್ ಕಳೆದ ಮೇಲೆ ಕಬ್ಬಿಣ ತುಕ್ಕು ಹಿಡಿದು, ಹಲಗೆ ಉಬ್ಬಿ, ಗುಜರಿಯವನು ಹೇಳಿದ್ದೇ ದರ.